ಒಂದು ಹನಿ ರಕ್ತದ ಚರಿತ್ರೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ತಾಯಿ ತಂದೆಯರಾಗಿದ್ದಾರೆ. ಮೊದಮೊದಲ ತಂಡಗಳವರಲ್ಲಿ ಕೆಲವರು ಅಜ್ಜ ಅಜ್ಜಿಯರೂ ಆಗಿದ್ದಾರೆ. ಅವರಿಗೂ, ನಮ್ಮ ಬಂಧುಬಳಗದ ಕಿರಿಯರಿಗೂ ಉಪಯೋಗಕ್ಕೆ ಬರಬಹುದೆಂಬ ಆಸೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ನಾನು ಇತಿಹಾಸದ ಮೇಷ್ಟ್ರು, ವೈದ್ಯನಲ್ಲ. ಆದುದರಿಂದ ವೈದ್ಯಕೀಯ ವಿಷಯವನ್ನು ಚರಿತ್ರೆಯ ದಾರಿಯಿಂದಲೇ ಪ್ರವೇಶಿಸುತ್ತೇನೆ.

ಕಳೆದ ತಿಂಗಳ ಒಂದು ರಾತ್ರಿ, ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದಾಗ, ಬೆಂಗಳೂರಿನಿಂದ ಮಗಳ ದೂರವಾಣಿ ಕರೆ ಬಂದಿತು. ಎರಡು ವರ್ಷ ನಾಲ್ಕು ತಿಂಗಳ ನಮ್ಮ ಮೊಮ್ಮಗನಿಗೆ ನಾಲ್ಕು ದಿನ ಜ್ವರ ಬಂದು ಬಿಟ್ಟಿತ್ತು. ವೈದ್ಯರು ರಕ್ತಪರೀಕ್ಷೆ ಮಾಡಿಸಲು ಹೇಳಿದ್ದರು. ವರದಿ ರಾತ್ರಿ ಹತ್ತು ಗಂಟೆಗೆ ನೇರವಾಗಿ ಮಗಳ ಮೊಬೈಲಿಗೆ ಬಂದಿತ್ತು. "ಅಪ್ಪಾ, ಐದು ಕಡೆ ಕೆಂಪಕ್ಷರ ಇದೆ. ಲಿಂಫೋಸೈಟು 66, ನ್ಯೂಟ್ರೋಫಿಲ್ಲು 24 ಅಂತಿದೆ. ಇಂಟರ್‌ನೆಟ್ಟಿನಲ್ಲಿ ನೋಡಿದರೆ..." ಎಂದವಳು ಮುಂದಿನ ಪದವನ್ನು ಹೇಳಲಾರದೆ ಅತ್ತುಬಿಟ್ಟಳು. ಆ ಪದ ಯಾವುದೆಂದು ನನಗೆ ತಿಳಿಯಿತು. "ಬೆಳಗಾಗಲಿ ಮಗಳೇ, ಡಾಕ್ಟರನ್ನು ಕೇಳೋಣ" ಎಂದು ಧೈರ್ಯ ಹೇಳಿದೆನಾದರೂ, ಆ ರಾತ್ರಿ ನಾನಾಗಲೀ ನನ್ನ ಪತ್ನಿಯಾಗಲೀ ಕಣ್ಣು ಮುಚ್ಚಲಿಲ್ಲ.

ನಿದ್ರೆ ಬಾರದ ಆ ಹೊತ್ತಿನಲ್ಲಿ ನನ್ನ ಮನಸ್ಸು 1986ಕ್ಕೆ ಹೋಯಿತು.

ಆಗ ನಾನು ಬಿ.ಎಡ್. ಮುಗಿಸಿ ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಗೆ ಸೇರಿ ಎರಡು ವರ್ಷಗಳಾಗಿದ್ದವು. ಮಕ್ಕಳ ಮನಶ್ಶಾಸ್ತ್ರವನ್ನು ಅರೆದು ಕುಡಿದಿದ್ದೇನೆಂಬ ಹಮ್ಮು ಬೇರೆ. ನಮ್ಮ ಶಾಲೆಯ ಹುಡುಗನೊಬ್ಬನ ತಾಯಿ, ಅಡಿಕೆ ತೋಟದ ಕೂಲಿಗೆ ಹೋಗುವಾಕೆ, ಒಂದು ದಿನ ತನ್ನ ಮೂರು ವರ್ಷದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. "ಮೇಷ್ಟ್ರೇ, ಈ ಕೂಸು ಗೋಡೆ ಮಣ್ಣು ಕೆರೆದು ತಿಂತದೆ. ಹೊಡೆದರೂ ಬಿಡಲ್ಲ. ಏನ್ ಮಾಡದು?" ಎಂದು ಕೇಳಿದಳು. ಇದು ಕೆಟ್ಟ ಅಭ್ಯಾಸ, ಅಭ್ಯಾಸವನ್ನು ಅಹಿತವಾದ ಅನುಭವದಿಂದ ಬಿಡಿಸಬೇಕು ಎಂದು ನನ್ನ ಪಠ್ಯಪುಸ್ತಕದ ಜ್ಞಾನವನ್ನು ಉಪಯೋಗಿಸಿ, ಮಗುವಿನ ಬೆರಳುಗಳಿಗೆ ಬೇವಿನ ಸೊಪ್ಪಿನ ರಸ ಹಚ್ಚಲು ಹೇಳಿದೆ. ಆಕೆ ಕೈಮುಗಿದು ಹೋದಳು. ಎರಡು ತಿಂಗಳು ಆ ಮಗು ಕಹಿಯನ್ನೂ ಮಣ್ಣನ್ನೂ ಒಟ್ಟಿಗೆ ತಿಂದಿತು.

ಅನಂತರ ಶಾಲೆಗೆ ಆರೋಗ್ಯ ತಪಾಸಣೆಗೆಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಬಂದಾಗ, ಅಣ್ಣನ ಜೊತೆಯಲ್ಲಿ ಆ ಮಗುವೂ ಬಂದು ಜಗಲಿಯಲ್ಲಿ ಕುಳಿತಿತ್ತು. ವೈದ್ಯರು ಅದರ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿ, ಒಂದು ಮಾತನ್ನೂ ಆಡದೆ ತಮ್ಮ ಪೆಟ್ಟಿಗೆಯಿಂದ ಗಾಜಿನ ಸಣ್ಣ ನಳಿಕೆಯೊಂದನ್ನು ತೆಗೆದರು. ಬೆರಳ ತುದಿಯನ್ನು ಚುಚ್ಚಿ, ಪಿಪೆಟ್ಟಿನಲ್ಲಿ ಒಂದು ಹನಿ ರಕ್ತವನ್ನೆಳೆದು, ನಳಿಕೆಯಲ್ಲಿದ್ದ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸೇರಿಸಿದರು. ರಕ್ತ ಕಂದು ಬಣ್ಣಕ್ಕೆ ತಿರುಗಿತು. ಹತ್ತು ನಿಮಿಷದ ಮೇಲೆ ಹನಿಹನಿಯಾಗಿ ಭಟ್ಟಿಯಿಳಿಸಿದ ನೀರು ಹಾಕುತ್ತ, ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಅದು ಸರಿಹೊಂದುವವರೆಗೂ ಹೋಲಿಸಿ ನೋಡಿದರು. ಹೆಚ್ಚು ನೀರು ಹಿಡಿಸಲಿಲ್ಲ. "ಐದು ಗ್ರಾಂ ಇದೆ ಮೇಷ್ಟ್ರೇ. ಹನ್ನೊಂದಾದರೂ ಇರಬೇಕಿತ್ತು. ಈ ಮಗು ಮಣ್ಣು ತಿನ್ನುವುದು ದುರಭ್ಯಾಸದಿಂದಲ್ಲ. ಅದರ ರಕ್ತದಲ್ಲಿ ಕಬ್ಬಿಣವಿಲ್ಲ. ಹೊಟ್ಟೆಯಲ್ಲಿ ಕೊಕ್ಕೆಹುಳು ಕುಳಿತು ರಕ್ತ ಹೀರುತ್ತಿದೆ" ಎಂದರು.

ತೋಟದ ಒದ್ದೆ ಮಣ್ಣಿನಲ್ಲಿ ಬರಿಗಾಲಿನಲ್ಲಿ ಓಡಾಡುವವರ ಅಂಗಾಲಿನ ಚರ್ಮದ ಮೂಲಕವೇ ಆ ಹುಳುವಿನ ಮರಿಗಳು ದೇಹವನ್ನು ಸೇರುತ್ತವೆಂಬುದು ಅಂದು ನನಗೆ ತಿಳಿಯಿತು. ಕಬ್ಬಿಣದ ಕೊರತೆಯಿರುವ ಮಕ್ಕಳು ಮಣ್ಣು, ಸುಣ್ಣ, ಬಳಪ ತಿನ್ನಲು ಹಾತೊರೆಯುತ್ತಾರೆಂಬುದೂ ತಿಳಿಯಿತು. ಹುಳುವಿನ ಔಷಧಿ, ಕಬ್ಬಿಣದ ದ್ರವ ಇವುಗಳಿಂದ ಮಗು ಚೇತರಿಸಿಕೊಂಡಿತು. ಬೆರಳ ಮೇಲಿನ ಬೇವಿನ ರಸದ ವಿಷಯವನ್ನು ನಾನು ವೈದ್ಯರಿಗೆ ಹೇಳಲಿಲ್ಲ. ಹೇಳಲು ನಾಚಿಕೆಯಾಯಿತು.

ಇರಲಿ, ಈಗ ಚರಿತ್ರೆಗೆ ಬರೋಣ. ಒಂದು ಹನಿ ರಕ್ತವನ್ನು ನೋಡಿ ಮಗುವಿನ ಸ್ಥಿತಿಯನ್ನು ಹೇಳುವ ಈ ವಿದ್ಯೆ ಮನುಷ್ಯನಿಗೆ ಹೇಗೆ ಬಂದಿತು?

ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲ್ಯೂವೆನ್‌ಹುಕ್ ತಾನೇ ಉಜ್ಜಿ ತಯಾರಿಸಿದ ಮಸೂರದ ಮೂಲಕ ತನ್ನ ರಕ್ತವನ್ನು ನೋಡಿ, ಅದರಲ್ಲಿ ಸಣ್ಣ ಸಣ್ಣ ಕೆಂಪು ಕಣಗಳಿವೆಯೆಂದು 1674ರಲ್ಲಿ ವರ್ಣಿಸಿದನು. ನಮ್ಮಲ್ಲಿ ಶಿವಾಜಿಯ ಪಟ್ಟಾಭಿಷೇಕ ನಡೆದ ವರ್ಷವೂ ಅದೇ. ಆದರೆ ಕಣಗಳನ್ನು ಕಂಡ ಮೇಲೆ ಅವನ್ನು ಎಣಿಸಲು ಮನುಷ್ಯನಿಗೆ ಇನ್ನೂ ಸುಮಾರು 180 ವರ್ಷಗಳು ಹಿಡಿದವು. ಜರ್ಮನಿಯ ಕಾರ್ಲ್ ಫಿಯರೋರ್ಟ್ ಎಂಬ ವಿದ್ವಾಂಸನು 1852ರಲ್ಲಿ, ಅಳತೆ ಮಾಡಿದ ರಕ್ತವನ್ನು ಗಾಜಿನ ಮೇಲೆ ಹರಡಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಗಂಟೆಗಟ್ಟಲೆ ಎಣಿಸಿ ಲೆಕ್ಕವನ್ನು ಪ್ರಕಟಿಸಿದನು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 50 ಲಕ್ಷ ಕೆಂಪು ಕಣಗಳು! ಮುಂದೆ 1870ರ ದಶಕದಲ್ಲಿ ಫ್ರಾನ್ಸಿನ ಮಲಾಸೆ, ಇಂಗ್ಲೆಂಡಿನ ಗವರ್ಸ್ ಮುಂತಾದವರು ಎಣಿಕೆಗೆಂದೇ ಉಪಕರಣಗಳನ್ನು ರೂಪಿಸಿ ಈ ಕೆಲಸವನ್ನು ಸುಲಭಗೊಳಿಸಿದರು. ಗವರ್ಸ್ 1878ರಲ್ಲಿ ಹಿಮೋಗ್ಲೋಬಿನ್ ಅಳೆಯುವ ಸಾಧನವನ್ನೂ ತಯಾರಿಸಿದನು. ಅದನ್ನೇ ಸುಧಾರಿಸಿದವನು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವೈದ್ಯ ಹರ್ಮನ್ ಸಾಲಿ. ನಮ್ಮ ಶಾಲೆಯ ಜಗಲಿಯ ಮೇಲೆ ನಾನು ಕಂಡ ಗಾಜಿನ ನಳಿಕೆ ಅವನ ವಿಧಾನದ್ದೇ. ಇಪ್ಪತ್ತನೆಯ ಶತಮಾನದ ಆರಂಭದ ಯುರೋಪಿನ ಒಂದು ಉಪಾಯ ಮಲೆನಾಡಿನ ಕೂಲಿಯಾಕೆಯ ಮಗುವನ್ನು ಉಳಿಸಿತು. ಚರಿತ್ರೆಯೆಂದರೆ ರಾಜರ ವಂಶಾವಳಿಯಷ್ಟೇ ಅಲ್ಲವೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮಗೆ ನೆನಪಿರಬಹುದು.

ಬಿಳಿ ಕಣಗಳ ಕಥೆ ಇನ್ನೂ ಸ್ವಾರಸ್ಯವಾದುದು. ಅವುಗಳಿಗೆ ಸ್ವತಃ ಬಣ್ಣವಿಲ್ಲ. ಜರ್ಮನಿಯಲ್ಲಿ ಬಟ್ಟೆಗೆ ಹಾಕುವ ಕೃತಕ ಬಣ್ಣಗಳ ಉದ್ಯಮ ಬೆಳೆಯುತ್ತಿದ್ದ ಕಾಲದಲ್ಲಿ, ಪಾಲ್ ಏರ್ಲಿಕ್ ಎಂಬ ತರುಣ ವೈದ್ಯನು ಆ ಬಣ್ಣಗಳನ್ನೇ ರಕ್ತದ ಲೇಪಕ್ಕೆ ಹಾಕಿ ನೋಡಿದನು. 1879ರ ಹೊತ್ತಿಗೆ ಬಿಳಿ ಕಣಗಳಲ್ಲಿ ಹಲವು ಜಾತಿಗಳಿವೆಯೆಂಬುದು ಸ್ಪಷ್ಟವಾಯಿತು. ಇಯೋಸಿನ್ ಎಂಬ ಕೆಂಪು ಬಣ್ಣವನ್ನು ಹೀರುವುದು ಇಯೋಸಿನೋಫಿಲ್, ಕ್ಷಾರೀಯ ಬಣ್ಣವನ್ನು ಹೀರುವುದು ಬೇಸೋಫಿಲ್, ತಟಸ್ಥ ಬಣ್ಣವನ್ನು ಹೀರುವುದು ನ್ಯೂಟ್ರೋಫಿಲ್. ಇಂದಿನ ವರದಿಯಲ್ಲಿ ನಮ್ಮನ್ನು ಹೆದರಿಸುವ ಹೆಸರುಗಳಲ್ಲಿ ಕೆಲವು ಬಣ್ಣದ ಅಂಗಡಿಯಿಂದ ಬಂದವು! ಭಾರತದಲ್ಲಿ ಸೇನಾ ವೈದ್ಯನಾಗಿ ಕೆಲಸ ಮಾಡಿ ಹಿಂದಿರುಗಿದ ವಿಲಿಯಂ ಲೀಷ್‌ಮನ್ 1901ರಲ್ಲಿ ಪ್ರಕಟಿಸಿದ ವರ್ಣಲೇಪವನ್ನು ನಮ್ಮ ದೇಶದ ಲ್ಯಾಬುಗಳಲ್ಲಿ ಇಂದಿಗೂ ಬಳಸುತ್ತಾರೆ.

1953ರಲ್ಲಿ ಅಮೆರಿಕದ ವ್ಯಾಲೇಸ್ ಕೌಲ್ಟರ್‌ಗೆ ಎಣಿಕೆಯ ಯಂತ್ರದ ಪೇಟೆಂಟ್ ದೊರೆಯಿತು. ಒಂದು ಅತಿ ಸಣ್ಣ ರಂಧ್ರದ ಮೂಲಕ ವಿದ್ಯುತ್ತು ಹರಿಯುತ್ತಿರುವಾಗ ರಕ್ತಕಣವೊಂದು ಅಲ್ಲಿ ತೂರಿದರೆ ವಿದ್ಯುತ್ತಿಗೆ ಕ್ಷಣಕಾಲ ಅಡ್ಡಿಯಾಗುತ್ತದೆ. ಆ ಅಡ್ಡಿಗಳನ್ನು ಎಣಿಸಿದರೆ ಕಣಗಳನ್ನು ಎಣಿಸಿದಂತೆ, ಅಡ್ಡಿಯ ಗಾತ್ರವೇ ಕಣದ ಗಾತ್ರ. ಫಿಯರೋರ್ಟನ ಗಂಟೆಗಳ ಕೆಲಸ ಒಂದು ನಿಮಿಷದೊಳಕ್ಕೆ ಇಳಿಯಿತು. ಅಲ್ಲಿಂದೀಚೆಗೆ ಸಂಖ್ಯೆಗಳು ಹೆಚ್ಚಿದವು. ಸಂಖ್ಯೆಗಳ ಜೊತೆ ಕೆಂಪಕ್ಷರಗಳೂ ಹೆಚ್ಚಿದವು.

ಹಾಗಾದರೆ ಈ ಕೆಂಪಕ್ಷರವನ್ನು ಯಾರು ತೀರ್ಮಾನಿಸುತ್ತಾರೆ? ಇದು ಈ ಚರಿತ್ರೆಯ ಮುಖ್ಯ ಅಧ್ಯಾಯವೆಂದು ನನ್ನ ಭಾವನೆ. 'ಸಹಜ' ಎಂಬ ಪದವೇ ದಾರಿ ತಪ್ಪಿಸುವಂಥದೆಂದು ಕಂಡು, ಫಿನ್ಲೆಂಡಿನ ಗ್ರಾಸ್‌ಬೆಕ್ ಮತ್ತು ಸಾರಿಸ್ ಎಂಬ ವಿಜ್ಞಾನಿಗಳು 1969ರಲ್ಲಿ ಅದರ ಬದಲು 'ಉಲ್ಲೇಖ ಮೌಲ್ಯ' ಎಂಬ ಕಲ್ಪನೆಯನ್ನು ಮುಂದಿಟ್ಟರು. ಆರೋಗ್ಯವಂತರ ಒಂದು ಗುಂಪನ್ನು ಪರೀಕ್ಷಿಸಿ, ಮಧ್ಯದ ನೂರಕ್ಕೆ 95 ಮಂದಿಯ ಫಲಿತಾಂಶ ಎಲ್ಲಿಂದ ಎಲ್ಲಿಯವರೆಗೆ ಇದೆಯೋ ಅದನ್ನು ಸಾಮಾನ್ಯವಾಗಿ ಮಿತಿಯಾಗಿ ಅಚ್ಚು ಹಾಕುತ್ತಾರೆ. ಎಂದರೆ, ಏನೂ ಕಾಯಿಲೆಯಿಲ್ಲದ ನೂರು ಜನರಲ್ಲಿ ಐವರು ಆ ಮಿತಿಯ ಹೊರಗೆ ಬೀಳಲೇಬೇಕು. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಒಬ್ಬ ಆರೋಗ್ಯವಂತನಿಗೆ ಮಾಡಿದರೆ, ಒಂದಾದರೂ ಕೆಂಪಾಗುವ ಸಂಭವ ನೂರಕ್ಕೆ 64. ಲೆಕ್ಕದ ಮೇಷ್ಟ್ರ ಮಕ್ಕಳು ಬೇಕಾದರೆ ತಾಳೆ ನೋಡಿಕೊಳ್ಳಲಿ.

ಎರಡನೆಯ ಪ್ರಶ್ನೆ, ಆ ಗುಂಪಿನಲ್ಲಿದ್ದವರು ಯಾರು ಎಂಬುದು. ವಯಸ್ಕರ ಗುಂಪಿನಿಂದ ಪಡೆದ ಮಿತಿಯನ್ನು ಮಗುವಿನ ವರದಿಯ ಪಕ್ಕದಲ್ಲಿ ಅಚ್ಚು ಹಾಕಿದರೆ ಏನಾಗುತ್ತದೆ? ಮರುದಿನ ಬೆಳಿಗ್ಗೆ ಮಕ್ಕಳ ವೈದ್ಯೆಯವರು ನನ್ನ ಮಗಳಿಗೆ ವಿವರಿಸಿದ್ದು ಇದನ್ನೇ. ಅವರು ಹೇಳಿದ್ದನ್ನು ಮಗಳು ನನಗೆ ಸಾಲು ಸಾಲಾಗಿ ಒಪ್ಪಿಸಿದಳು.

ಮೊದಲನೆಯದು, ಲಿಂಫೋಸೈಟು 66. ವಯಸ್ಕರ ಮಿತಿ 20ರಿಂದ 40. ಆದರೆ ಹುಟ್ಟಿದಾಗ ಮಗುವಿನ ರಕ್ತದಲ್ಲಿ ನ್ಯೂಟ್ರೋಫಿಲ್ ಹೆಚ್ಚು. ಮೊದಲ ವಾರದಲ್ಲಿಯೇ ಲಿಂಫೋಸೈಟು ಅದನ್ನು ಮೀರುತ್ತದೆ. ನಾಲ್ಕೈದು ವರ್ಷದ ಹೊತ್ತಿಗೆ ಮತ್ತೆ ನ್ಯೂಟ್ರೋಫಿಲ್ ಮುಂದಾಗುತ್ತದೆ. ಜಗತ್ತಿನ ಸೋಂಕುಗಳನ್ನು ಮೊದಲ ಸಲ ಎದುರಿಸುತ್ತಿರುವ ಪುಟ್ಟ ದೇಹದ ಸಹಜ ಸ್ಥಿತಿಯಿದು.

ಎರಡನೆಯದು, ನ್ಯೂಟ್ರೋಫಿಲ್ 24. ಇದು ಮೊದಲನೆಯದರ ಇನ್ನೊಂದು ಮುಖ. ಅಲ್ಲದೆ ವೈರಸ್ ಜ್ವರದ ಅನಂತರ ಅದು ಕೆಲ ದಿನ ಇಳಿಯುವುದೂ ಉಂಟು. ಶೇಕಡಾವಾರನ್ನು ಮಾತ್ರ ನೋಡದೆ ಒಟ್ಟು ಸಂಖ್ಯೆಯನ್ನು ನೋಡಬೇಕು. ನಮ್ಮ ಮಗುವಿನ ಒಟ್ಟು ಬಿಳಿ ಕಣ 10,000. ಅದರ ನೂರಕ್ಕೆ 24 ಎಂದರೆ 2,400. ಹೆದರಬೇಕಾದ ಸಂಖ್ಯೆಯಲ್ಲ.

ಮೂರನೆಯದು, ಆಲ್ಕಲೈನ್ ಫಾಸ್ಫಟೇಸ್ 380. ವಯಸ್ಕರಲ್ಲಿ ಇಷ್ಟಿದ್ದರೆ ಯಕೃತ್ತನ್ನೋ ಮೂಳೆಯನ್ನೋ ಶಂಕಿಸುತ್ತಾರೆ. ಮಗುವಿನಲ್ಲಿ ಇದು ಮೂಳೆ ಬೆಳೆಯುತ್ತಿರುವುದರ ಗುರುತು.

ನಾಲ್ಕನೆಯದು, ಪ್ಲೇಟ್‌ಲೆಟ್ 4 ಲಕ್ಷದ 80 ಸಾವಿರ. ಸೋಂಕು ಇಳಿದ ಮೇಲೆ ಇವು ಏರುತ್ತವೆ. ಕಬ್ಬಿಣದ ಕೊರತೆಯಲ್ಲಿಯೂ ಏರುತ್ತವೆ.

ಐದನೆಯದು, ಹಿಮೋಗ್ಲೋಬಿನ್ 10.2. "ನೀವು ಹೆದರಿದ್ದು ಮೊದಲ ಎರಡಕ್ಕೆ, ನೋಡಬೇಕಾದದ್ದು ಈ ಕೊನೆಯದನ್ನು" ಎಂದರಂತೆ ವೈದ್ಯೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ 6ರಿಂದ 23 ತಿಂಗಳ ಮಗುವಿಗೆ 10.5ಕ್ಕಿಂತ, 2ರಿಂದ 5 ವರ್ಷದೊಳಗಿನ ಮಗುವಿಗೆ 11ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಸೋಂಕಿನ ಸಮಯದಲ್ಲಿ ಹಿಮೋಗ್ಲೋಬಿನ್ ಸ್ವಲ್ಪ ಇಳಿಯುವುದುಂಟಾದುದರಿಂದ ಮೂರು ವಾರ ಬಿಟ್ಟು ಮತ್ತೆ ಪರೀಕ್ಷಿಸಿದರು. ಲಿಂಫೋಸೈಟಿನ ವಿಷಯವನ್ನು ಎಲ್ಲರೂ ಮರೆತಿದ್ದೆವು. ಹಿಮೋಗ್ಲೋಬಿನ್ ಮಾತ್ರ ಹಾಗೆಯೇ ಇತ್ತು. ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ತೀರ ಕಡಿಮೆಯಿತ್ತು.

"ಮಗು ದಿನಕ್ಕೆ ಎಷ್ಟು ಹಾಲು ಕುಡಿಯುತ್ತದೆ?" ಎಂದು ವೈದ್ಯೆ ಕೇಳಿದರಂತೆ. ಹೆಚ್ಚು ಕಡಿಮೆ ಒಂದು ಲೀಟರು. ಹಾಲಿನಲ್ಲಿ ಕಬ್ಬಿಣ ಬಹಳ ಅಲ್ಪ. ಬೇರೆ ಆಹಾರದ ಕಬ್ಬಿಣ ಹೀರಲ್ಪಡುವುದಕ್ಕೂ ಅದು ಅಡ್ಡಿ. ಹೊಟ್ಟೆ ತುಂಬಿದ ಮಗು ಸೊಪ್ಪು, ಬೇಳೆ, ಮೊಟ್ಟೆ ಏನನ್ನೂ ಮುಟ್ಟುವುದಿಲ್ಲ. ಇಷ್ಟು ಹಾಲು ಕುಡಿಸಲು ಹೇಳಿದವರು ಯಾರು? ಓದುಗರೇ, ನಾನೇ. ಮಗು ಅನ್ನ ತಿನ್ನುವುದಿಲ್ಲವೆಂದು ಮಗಳು ಹೇಳಿದಾಗಲೆಲ್ಲ, "ಹಾಲು ಕುಡಿಯುತ್ತಾನಲ್ಲ, ಇನ್ನೇನು ಬೇಕು? ಇನ್ನೊಂದು ಲೋಟ ಕೊಡು" ಎಂದವನು ನಾನು. 1986ರ ಬೇವಿನ ರಸದ ಮೇಷ್ಟ್ರು ಇನ್ನೂ ನನ್ನೊಳಗೇ ಇದ್ದಾನೆಂದು ಆಗ ಅರಿವಾಯಿತು.

ನಮ್ಮ ದೇಶದಲ್ಲಿ ಇದು ಒಂದು ಮನೆಯ ಕಥೆಯಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಕ್ಕಳಿಗೆ ರಕ್ತಹೀನತೆ ಕಂಡುಬಂದಿತು. 2015ರಿಂದ ಶಾಲೆ ಅಂಗನವಾಡಿಗಳಲ್ಲಿ ಜಂತುಹುಳುವಿನ ಮಾತ್ರೆ ಕೊಡುವ ರಾಷ್ಟ್ರೀಯ ದಿನವನ್ನು ಆಚರಿಸುತ್ತಿರುವುದು ನಿಮಗೆ ಗೊತ್ತಿದೆ. ಆ ಮಾತ್ರೆಯನ್ನು ಮಕ್ಕಳಿಗೆ ತಪ್ಪಿಸಬೇಡಿ.

ರಕ್ತಹೀನತೆಯೆಲ್ಲ ಕಬ್ಬಿಣದ್ದೇ ಎಂದು ತಿಳಿಯುವುದೂ ತಪ್ಪು. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಗರ್ಭಿಣಿಯರ ರಕ್ತಹೀನತೆಯಲ್ಲಿ ಕಣಗಳು ದೊಡ್ಡದಾಗಿರುವುದನ್ನು ಅಭ್ಯಸಿಸಿ, ಯೀಸ್ಟಿನ ಸಾರದಿಂದ ಅದು ವಾಸಿಯಾಗುವುದನ್ನು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಅಂಶವೇ ಮುಂದೆ ಫೋಲಿಕ್ ಆಮ್ಲವೆನಿಸಿತು. ಇನ್ನು 1925ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಥಾಮಸ್ ಕೂಲಿ ವರ್ಣಿಸಿದ ಥಲಸೀಮಿಯಾ ತಾಯಿ ತಂದೆಯರಿಂದ ಬರುವಂಥದು. ಅದರ ವಾಹಕರಾದ ಮಕ್ಕಳಲ್ಲಿಯೂ ಕೆಂಪು ಕಣಗಳು ಚಿಕ್ಕದಾಗಿರುತ್ತವೆ. ಆದರೆ ಕಬ್ಬಿಣದ ಕೊರತೆಯೂ ಜೊತೆಗಿಲ್ಲದಿದ್ದರೆ ಅವರಿಗೆ ಕಬ್ಬಿಣ ಕೊಟ್ಟು ಪ್ರಯೋಜನವಿಲ್ಲ. ಆದುದರಿಂದಲೇ ಔಷಧದಂಗಡಿಯಿಂದ ಟಾನಿಕ್ ತಂದು ಸುರಿಯುವ ಮೊದಲು ಕಾರಣವನ್ನು ಕೇಳಬೇಕು.

ಮಗಳು ಹೇಳಲಾರದೆ ಹೋದ ಆ ಪದದ ಚರಿತ್ರೆಯನ್ನೂ ಹೇಳಿಬಿಡುತ್ತೇನೆ. ರಕ್ತದ ಕ್ಯಾನ್ಸರನ್ನು 1845ರಲ್ಲಿ ಎಡಿನ್‌ಬರೋದ ಬೆನೆಟ್, ಬರ್ಲಿನ್ನಿನ ವಿರ್ಕೋ ಇಬ್ಬರೂ ಬೇರೆ ಬೇರೆಯಾಗಿ ವರ್ಣಿಸಿದರು. ವಿರ್ಕೋ ಅದಕ್ಕೆ 'ಬಿಳಿ ರಕ್ತ' ಎಂಬ ಅರ್ಥದ ಲ್ಯೂಕೀಮಿಯಾ ಎಂಬ ಹೆಸರನ್ನು ಕೊಟ್ಟನು. ನೂರು ವರ್ಷ ಆ ಕಾಯಿಲೆಯ ಮಕ್ಕಳು ಉಳಿಯಲಿಲ್ಲ. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್, 16 ಮಕ್ಕಳಲ್ಲಿ 10 ಮಕ್ಕಳು ಒಂದು ಔಷಧದಿಂದ ತಾತ್ಕಾಲಿಕವಾಗಿಯಾದರೂ ಚೇತರಿಸಿಕೊಂಡರೆಂದು ಪ್ರಕಟಿಸಿದನು. ಅಮಿನೋಪ್ಟೆರಿನ್ ಎಂಬ ಆ ಔಷಧವನ್ನು ಒದಗಿಸಿದ್ದು ನಮ್ಮ ನೆರೆಯ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಸಂಶೋಧನ ತಂಡ. ಅದೇ ವರ್ಷ ಅವರು ತೀರಿಕೊಂಡರು. ಇಂದು ಮಕ್ಕಳಲ್ಲಿ ಅತಿ ಸಾಮಾನ್ಯವಾದ ಬಗೆಯ ಲ್ಯೂಕೀಮಿಯಾ ಬಂದ ಮಕ್ಕಳಲ್ಲಿ ನೂರಕ್ಕೆ ಸುಮಾರು 90 ಮಂದಿ ಶ್ರೀಮಂತ ದೇಶಗಳಲ್ಲಿ ಬದುಕುಳಿಯುತ್ತಾರೆ. ಭಯಪಡುವವರೂ ಈ ಸಂಖ್ಯೆಯನ್ನು ನೆನಪಿಡಬೇಕು.

ಹಾಗೆಂದು ಎಲ್ಲ ಕೆಂಪಕ್ಷರವನ್ನೂ ಅಲಕ್ಷಿಸಿರೆಂದು ನಾನು ಹೇಳುತ್ತಿಲ್ಲ. ಮಗು ದಿನೇ ದಿನೇ ಬಿಳಿಚಿಕೊಳ್ಳುತ್ತಿದ್ದರೆ, ಪೆಟ್ಟಾಗದೆಯೇ ಮೈಮೇಲೆ ಕಂದಿದ ಕಲೆಗಳು ಅಥವಾ ಸೂಜಿಮೊನೆಯಂಥ ಕೆಂಪು ಚುಕ್ಕೆಗಳು ಎದ್ದರೆ, ಜ್ವರ ಬಿಡದಿದ್ದರೆ, ಮೂಳೆ ನೋವಿನಿಂದ ನಡೆಯಲೊಲ್ಲದಿದ್ದರೆ, ಗಂಟುಗಳೋ ಹೊಟ್ಟೆಯೋ ಊದಿಕೊಂಡರೆ, ಅಥವಾ ಹಿಮೋಗ್ಲೋಬಿನ್, ಬಿಳಿ ಕಣ, ಪ್ಲೇಟ್‌ಲೆಟ್ ಇವುಗಳಲ್ಲಿ ಎರಡು ಮೂರು ಒಟ್ಟಿಗೇ ಇಳಿದಿದ್ದರೆ ಬೆಳಗಾಗುವವರೆಗೆ ಕಾಯದೆ ವೈದ್ಯರ ಬಳಿಗೆ ಹೋಗಬೇಕು. ಕೆಲವೊಮ್ಮೆ ಮಾದರಿಯೇ ಕೆಟ್ಟಿರುತ್ತದೆ. ಅಳುವ ಮಗುವಿನ ಕೈ ಹಿಂಡಿ ತೆಗೆದ ರಕ್ತದಲ್ಲಿ ಕಣಗಳು ಒಡೆದು ಪೊಟ್ಯಾಸಿಯಂ ಏರಿದಂತೆ ತೋರಬಹುದು. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಯಂತ್ರದ ಲೆಕ್ಕಕ್ಕೆ ಸಿಗದೆ ಹೋಗಬಹುದು. ಆಗ ಮತ್ತೊಮ್ಮೆ ಪರೀಕ್ಷಿಸುವುದು, ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡುವುದು ಹಳೆಯದಾದರೂ ಒಳ್ಳೆಯ ದಾರಿ.

ನಾನು ತರಗತಿಯಲ್ಲಿ ಶಾಸನಗಳ ಪಾಠ ಮಾಡುವಾಗ, ಕಲ್ಲಿನ ಮೇಲಿನ ಅಕ್ಷರವನ್ನು ಓದಿದರೆ ಸಾಲದು, ಯಾರು, ಯಾವಾಗ, ಯಾರಿಗಾಗಿ ಕೆತ್ತಿಸಿದರು ಎಂದು ಕೇಳಬೇಕೆಂದು ಹೇಳುತ್ತಿದ್ದೆ. ರಕ್ತದ ವರದಿಗೂ ಅದೇ ನಿಯಮ. ಈ ಮಿತಿ ಯಾವ ವಯಸ್ಸಿನವರದು? ಮಗುವಿಗೆ ಆಗ ಜ್ವರವಿತ್ತೇ? ಹಿಂದಿನ ವರದಿ ಏನು ಹೇಳುತ್ತದೆ? ಮಗು ಆಡುತ್ತಿದೆಯೇ, ಉಣ್ಣುತ್ತಿದೆಯೇ? ಈ ನಾಲ್ಕು ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ವೈದ್ಯರ ಮುಂದೆ ಕುಳಿತರೆ, ಒಂದು ರಾತ್ರಿಯ ನಿದ್ರೆಯಾದರೂ ಉಳಿದೀತು.

ಮೊಮ್ಮಗನಿಗೆ ವೈದ್ಯೆ ನಿಗದಿಮಾಡಿದ ಕಬ್ಬಿಣದ ಹನಿಗಳು ನಡೆಯುತ್ತಿವೆ. ಹಾಲು ದಿನಕ್ಕೆ ಎರಡು ಲೋಟಕ್ಕೆ ಇಳಿದಿದೆ. ಮೊನ್ನೆ ಬಸ್ಸಾರಿನ ಕಾಳನ್ನು ಒಂದೊಂದಾಗಿ ಹೆಕ್ಕಿ ತಿಂದನೆಂದು ಮಗಳು ಸಂತೋಷದಿಂದ ಹೇಳಿದಳು. ಈ ಸಲ ನಾನು ಯಾವ ಸಲಹೆಯನ್ನೂ ಕೊಡಲಿಲ್ಲ.

ಕೊನೆಯದಾಗಿ ಒಂದು ಮಾತು. ಆ ಮಣ್ಣು ತಿನ್ನುತ್ತಿದ್ದ ಮಗು ಮುಂದೆ ನನ್ನ ತರಗತಿಯಲ್ಲಿಯೇ ಕುಳಿತು ಎಸ್.ಎಸ್.ಎಲ್.ಸಿ. ಪಾಸು ಮಾಡಿತು. ಇಂದು ಆಕೆ ಇಬ್ಬರು ಮಕ್ಕಳ ತಾಯಿ. ಈ ಪುಟಗಳನ್ನು ಓದುತ್ತಾಳೆಂದು ಕೇಳಿದ್ದೇನೆ. ತಾಯೀ, ನಿನ್ನ ಪುಟ್ಟ ಬೆರಳುಗಳಿಗೆ ಎರಡು ತಿಂಗಳು ಬೇವಿನ ರಸ ಹಚ್ಚಿಸಿದವನು ನಾನು. ನಿನ್ನ ಅಮ್ಮನಿಗೆ ಎಂದೂ ಹೇಳಲಾಗದ ಮಾತನ್ನು ಇಲ್ಲಿ ನಿನಗೆ ಹೇಳುತ್ತಿದ್ದೇನೆ. ಈ ಮೇಷ್ಟ್ರನ್ನು ಕ್ಷಮಿಸು.